ಬೆಸ್ಕಾಂ ಮನೆ ಸಂಪರ್ಕ: ಯೂನಿಟ್ ಅಗ್ಗ, ನಿಗದಿತ ಶುಲ್ಕ ಭಾರ

2025ರ ಏಪ್ರಿಲ್‌ನಿಂದ ಯೂನಿಟ್ ದರ ₹5.90ರಿಂದ ₹5.80ಕ್ಕೆ ಇಳಿಯಿತು, ನಿಜ. ಆದರೆ ಮಂಜೂರಾದ ಲೋಡ್ (ಮನೆಗೆ ಒಪ್ಪಿಗೆ ಸಿಕ್ಕ ವಿದ್ಯುತ್ ಸಾಮರ್ಥ್ಯ) ಆಧರಿಸಿದ ತಿಂಗಳ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ ₹120ರಿಂದ ₹145ಕ್ಕೆ ಏರಿತು. 3 ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ ತಿಂಗಳಿಗೆ 100 ಯೂನಿಟ್ ಬಳಸಿದರೆ ಉಳಿಯುವುದು ₹10, ಹೆಚ್ಚುವುದು ₹75. 2025-26ರಲ್ಲಿ ಯೂನಿಟ್‌ಗೆ 36 ಪೈಸೆಯ ಪಿಂಚಣಿ ಸರ್ಚಾರ್ಜ್ (ವಿದ್ಯುತ್ ನೌಕರರ ಪಿಂಚಣಿಗಾಗಿ ಹಾಕುವ ಹೆಚ್ಚುವರಿ ಶುಲ್ಕ) ಬೇರೆ. ಆ ದರದಲ್ಲಿ ಬೀಗ ಹಾಕಿದ ಇಂಥ ಮನೆಗೂ ತಿಂಗಳಿಗೆ ₹435 ತಪ್ಪದು. ಮಿತವಾಗಿ ಬಳಸುವವರಿಗೇ ಪೆಟ್ಟು, ಇದು ಅನ್ಯಾಯ. ಗೃಹಜ್ಯೋತಿ ಮಿತಿಯೊಳಗಿದ್ದವರಿಗೆ ಮಾತ್ರ ಇದು ತಟ್ಟದು.

ಉಳಿದವರು ಬಿಲ್ಲಿನಲ್ಲಿ ಮಂಜೂರಾದ ಲೋಡ್ ನೋಡಿ, ಮೀಟರ್ ತೋರಿಸುವ ಗರಿಷ್ಠ ಬೇಡಿಕೆಯನ್ನು (ಒಮ್ಮೆಗೆ ಎಳೆದ ಅತಿ ಹೆಚ್ಚು ವಿದ್ಯುತ್) ವರ್ಷವಿಡೀ ಬರೆದಿಡಿ. ಅದು ಎಂದೂ 2 ಕಿಲೋವ್ಯಾಟ್ ದಾಟದಿದ್ದರೆ ಉಪವಿಭಾಗ ಕಚೇರಿಯಲ್ಲಿ ಲೋಡ್ ಇಳಿಸಲು ಅರ್ಜಿ ಕೊಡಿ. ಬೇಸಿಗೆಯ ಅಂಕಿಯನ್ನಷ್ಟೇ ನಂಬಬೇಡಿ; ಚಳಿಗಾಲದಲ್ಲಿ ಗೀಸರ್ ಒಂದೇ 2 ಕಿಲೋವ್ಯಾಟ್ ಎಳೆಯುತ್ತದೆ, ಮಿತಿ ಮೀರಿದರೆ ದಂಡ ಬೀಳುತ್ತದೆ.