ಕೋಚ್ ಕಿಟಕಿಗೆ ಕವರ್ ಸ್ಲಿಪ್: ನೂರು ರೂಪಾಯಿಯ ನಿಜವಾದ ಗಾಜು

ನಾನು ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಮನೆಯಲ್ಲಿ ಎಚ್‌ಒ ಅಳತೆಯ, ಅಂದರೆ 1:87ರ (ನಿಜದ 87ನೇ ಒಂದು ಪಾಲಿನ) ರೈಲು ಕೋಚ್, ಸ್ಟೇಷನ್ ಮಾಡೆಲ್‌ಗಳನ್ನು ಕಟ್ಟುತ್ತೇನೆ. ಮೈಕ್ರೋಸ್ಕೋಪಿನ ಕವರ್ ಸ್ಲಿಪ್, ಅಂದರೆ ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜಿನ ಬಿಲ್ಲೆ, ನೋಡಿದರೆ ಉಳಿದವರಿಗೆ ಈರುಳ್ಳಿ ಸಿಪ್ಪೆಯ ಸ್ಲೈಡ್ ನೆನಪಾಗುತ್ತದೆ, ನನಗೆ ಸ್ಲೀಪರ್ ಕೋಚಿನ ಕಿಟಕಿ. (ಕಾಲೇಜಿನದನ್ನು ಮುಟ್ಟಿಲ್ಲ, ಕಾಸು ಕೊಟ್ಟು ಬೇರೆಯೇ ತಗೊಂಡಿದ್ದೇನೆ. ಪ್ರಿನ್ಸಿಪಾಲರು ಓದಿದರೂ ಪರವಾಗಿಲ್ಲ.)

ತಂದಿದ್ದು 22 ಮಿ.ಮೀ. ಚೌಕದ, ನಂಬರ್ 1 ದಪ್ಪದ 10 ಗ್ರಾಂ ಡಬ್ಬಿ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಇದನ್ನು ತೂಕದ ಲೆಕ್ಕದಲ್ಲೇ ಮಾರುತ್ತಾರೆ. ಡಬ್ಬಿಯಲ್ಲಿ ಹೆಚ್ಚುಕಡಿಮೆ ಐವತ್ತು ಸ್ಲಿಪ್ ಇರುತ್ತವೆ. ಬೆಲೆ ನೂರು ರೂಪಾಯಿ ಆಸುಪಾಸು.

ಮೊದಲು ದಪ್ಪದ ಮಾತು. ನಂಬರ್ 1 ಅಂದರೆ 0.13ರಿಂದ 0.16 ಮಿ.ಮೀ. ನಿಜವಾದ ಕೋಚಿನ ಅಳತೆಗೆ ತರಲು ಇದನ್ನು 87ರಿಂದ ಗುಣಿಸಿದರೆ 11ರಿಂದ 14 ಮಿ.ಮೀ. ಆಗುತ್ತದೆ. ಮಾಡೆಲ್ ಅಂಗಡಿಯ 0.25 ಮಿ.ಮೀ. ಪ್ಲಾಸ್ಟಿಕ್ ಹಾಳೆ ಅದೇ ಲೆಕ್ಕದಲ್ಲಿ 22 ಮಿ.ಮೀ. ಹತ್ತಿರ ಹೋಗುತ್ತದೆ. ಕಿಟ್ ಜೊತೆ ಬರುವ ಅಚ್ಚಿನ ಕಿಟಕಿ 1 ಮಿ.ಮೀ. ದಪ್ಪ ಇದ್ದರಂತೂ ಮುಗಿಯಿತು, ಅದು ಬ್ಯಾಂಕಿನ ಕ್ಯಾಶ್ ಕೌಂಟರ್ ಗಾಜಿನ ಹಾಗೆ ಕಾಣುತ್ತದೆ.

ಆದರೆ ನಾನು ಗಾಜಿಗೆ ಮನಸೋತದ್ದು ದಪ್ಪಕ್ಕಲ್ಲ, ಹೊಳಪಿಗೆ. ಪ್ಲಾಸ್ಟಿಕ್ ಹಾಳೆಯನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿಯಿರಿ. ಬೆಳಕಿನ ಗೆರೆ ಎಲ್ಲೋ ಒಂದು ಕಡೆ ಸೊಟ್ಟಗಾಗುತ್ತದೆ. ಕವರ್ ಸ್ಲಿಪ್‌ನಲ್ಲಿ ಅದೇ ಗೆರೆ ನೇರವಾಗಿ ಬೀಳುತ್ತದೆ. ಇನ್ನೊಂದು ವಿಷಯವಿದೆ. ನಾವು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಒಂದೇ ಉದ್ದ ಪಟ್ಟಿಯನ್ನು ಎಲ್ಲ ಕಿಟಕಿಗಳ ಹಿಂದೆ ಅಂಟಿಸಿ ಕೈತೊಳೆದುಕೊಳ್ಳುತ್ತೇವೆ, ಅಲ್ವಾ? ಆಗ ಬೆಳಕು ಕೋಚಿನ ಆ ತುದಿಯಿಂದ ಈ ತುದಿಯವರೆಗೆ ಒಂದೇ ಸಮ ಹೊಳೆಯುತ್ತದೆ. ನಿಜವಾದ ಕೋಚಿನಲ್ಲಿ ಒಂದೊಂದು ಶಟರ್ ಒಂದೊಂದು ಕೋನದಲ್ಲಿ ಕೂತಿರುತ್ತದೆ. ಗಾಜನ್ನು ಬಿಡಿಬಿಡಿಯಾಗಿ ಕತ್ತರಿಸಿ ಕೂರಿಸಿದರೆ ಆ ಕೂದಲೆಳೆಯಷ್ಟು ವ್ಯತ್ಯಾಸ ತಾನಾಗಿಯೇ ಬರುತ್ತದೆ.

ಕತ್ತರಿಸುವುದು ಕಷ್ಟವೇ? ಕಷ್ಟವಲ್ಲ, ನಾಜೂಕು. ಗಾಜಿನ ಮೇಲೆ ಗೆರೆ ಕೊರೆಯುವ, ಕಾರ್ಬೈಡ್ ಅಥವಾ ಡೈಮಂಡ್ ಮೊನೆಯ ಸ್ಕ್ರೈಬರ್ ಬೇಕು. ರಬ್ಬರಿನ ಕಟಿಂಗ್ ಮ್ಯಾಟ್ ಮೇಲೆ ಮಾತ್ರ ಇಡಬೇಡಿ. ಅದು ಮೆತ್ತಗಿರುವುದರಿಂದ ಗಾಜು ಬಾಗಿ ಎಲ್ಲೆಲ್ಲೋ ಒಡೆಯುತ್ತದೆ. ಟೈಲ್ಸ್ ತುಂಡಿನ ಮೇಲೆ ಇಟ್ಟು ಹಗುರವಾಗಿ ಒಂದೇ ಒಂದು ಗೆರೆ ಎಳೆಯಿರಿ. ಎರಡನೇ ಸಲ ಎಳೆದರೆ ಗೆರೆ ಕವಲೊಡೆಯುತ್ತದೆ. ಆಮೇಲೆ ಗೆರೆಯನ್ನು ದಪ್ಪ ಸ್ಲೈಡಿನ ಅಂಚಿಗೆ ಹೊಂದಿಸಿ ಮೆಲ್ಲಗೆ ಒತ್ತಿದರೆ ಸಾಕು. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಸೀಳಿದರೆ 11 ಮಿ.ಮೀ.ನ ನಾಲ್ಕು ಚೌಕ ಸಿಗುತ್ತವೆ. 2 ಅಡಿ ಅಗಲದ ಕಿಟಕಿ ನಮ್ಮ ಅಳತೆಯಲ್ಲಿ 7 ಮಿ.ಮೀ., ಹಾಗಾಗಿ ಅಂಟಿಸಲು ಎರಡೂ ಕಡೆ 2 ಮಿ.ಮೀ. ಅಂಚು ಉಳಿಯುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ. ಚೂರುಗಳನ್ನು ಕೈಯಲ್ಲಿ ಗುಡಿಸಬೇಡಿ, ಒದ್ದೆ ಹತ್ತಿಯಿಂದ ಒತ್ತಿ ತೆಗೆಯಿರಿ. ಪುಟ್ಟ ಮಕ್ಕಳು ಓಡಾಡುವ ಮನೆಯಾದರೆ ಈ ಉಸಾಬರಿಯೇ ಬೇಡ.

ಎಲ್ಲ ಕಿಟಕಿಗೂ ಗಾಜು ಹಾಕಬೇಕಾಗಿಯೂ ಇಲ್ಲ. ಐಸಿಎಫ್ (ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಮಾದರಿಯ ಸ್ಲೀಪರ್ ಕೋಚಿನಲ್ಲಿ ಹೊರಗೆ ಅಡ್ಡ ಸರಳು, ಒಳಗೆ ಮೇಲೆತ್ತುವ ಗಾಜಿನ ಶಟರ್, ಜೊತೆಗೆ ಗಾಳಿಗಿಂಡಿಯ ಶಟರ್. ಮಳೆ ಇಲ್ಲದಿದ್ದರೆ ಎಲ್ಲ ಗಾಜನ್ನೂ ಯಾರು ಇಳಿಸುತ್ತಾರೆ ಹೇಳಿ! ಕೆಲವು ಪೂರ್ತಿ ತೆರೆದಿರಲಿ, ಕೆಲವು ಅರ್ಧ ಎತ್ತಿರಲಿ. ಅರ್ಧ ಎತ್ತಿದ ಗಾಜಿನ ಕೆಳಅಂಚಿಗೆ ಬೆಳ್ಳಿ ಬಣ್ಣದ ಸಣ್ಣ ಗೆರೆ ಎಳೆದರೆ ಶಟರಿನ ಚೌಕಟ್ಟು ಆಯಿತು. ಟಾಯ್ಲೆಟ್ ಕಿಟಕಿಗೆ ಗಾಜು ದಂಡ, ಪ್ಲಾಸ್ಟಿಕ್ ತುಂಡನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ ಹಾಕಿ.

ಗಾಜು ಸೋಲುವುದು ಬಾಗುವ ಕಡೆ. 2021ರ ಜುಲೈಯಲ್ಲಿ ಯಶವಂತಪುರ–ಮಂಗಳೂರು ದಾರಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಕೋಚ್ ಬಂತಲ್ಲ, ಅದನ್ನು ಮಾಡುವ ಆಸೆ ಘಾಟಿ ಸೀಮೆಯ ನಮಗೆಲ್ಲ ಇದ್ದೇ ಇದೆ. ಪಕ್ಕದ ದೊಡ್ಡ ಕಿಟಕಿಗಳಿಗೆ 22×50 ಮಿ.ಮೀ.ನ ಉದ್ದ ಸ್ಲಿಪ್ ಸರಿಹೋಗುತ್ತದೆ. ಚಾವಣಿಯ ಬಾಗಿಗೆ ಜೆರಾಕ್ಸ್ ಅಂಗಡಿಯ ಓಎಚ್‌ಪಿ ಶೀಟೇ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಗತಿ. ಎಸಿ ಕೋಚಿನ ಕಪ್ಪು ಛಾಯೆಗೆ ಕಾರ್ ಅಲಂಕಾರದ ಅಂಗಡಿಯಲ್ಲಿ ಸನ್ ಫಿಲ್ಮ್‌ನ ಚೂರು ಕೇಳಿ ನೋಡಿ. ನನಗೆ ಸುಮ್ನೆ ಕೊಟ್ಟರು.

ಮೈಕ್ರೋಸ್ಕೇಲ್ ಕಂಪನಿಯ ಕ್ರಿಸ್ಟಲ್ ಕ್ಲಿಯರ್ ಇರುವಾಗ ಇದೆಲ್ಲ ಯಾಕೆ ಅಂತ ಒಬ್ಬ ಗೆಳೆಯರು ಕೇಳಿದರು. ಅದು ಹಾಲಿನ ಬಣ್ಣದ ದ್ರವ. ಟೂತ್‌ಪಿಕ್‌ನಲ್ಲಿ ಕಿಟಕಿಯ ಅಂಚಿಗೆ ಸವರಿ ಅಡ್ಡಕ್ಕೆ ಎಳೆದರೆ ಪೊರೆ ಕಟ್ಟುತ್ತದೆ, ಒಣಗಿದಾಗ ತಿಳಿಯಾಗುತ್ತದೆ. ಸ್ಟೇಷನ್ ಬಾಗಿಲಿನ ಮೇಲಿನ ಪುಟ್ಟ ಗಾಜುಗಳಿಗೆ, ಇಂಜಿನ್ ದೀಪಗಳಿಗೆ ಅದನ್ನು ಮೀರಿಸಿದ್ದಿಲ್ಲ. ಆದರೆ ಅದು ಇರುವುದೇ ಕಾಲು ಇಂಚಿನವರೆಗಿನ, ಅಂದರೆ 6 ಮಿ.ಮೀ. ಕಿಟಕಿಗಳಿಗೆ. ನಮ್ಮದು 7. ಪೊರೆ ನಡುವೆ ಸ್ವಲ್ಪ ತಗ್ಗುತ್ತದೆ ಕೂಡ. ಹಳೇ ಕಟ್ಟಡಕ್ಕೆ ಅದು ಚೆಂದ, ಕೋಚಿಗೆ ಅಲ್ಲ. ಆದರೂ ನಾನು ಸ್ಲಿಪ್ ಅಂಟಿಸುವುದು ಈ ಕ್ರಿಸ್ಟಲ್ ಕ್ಲಿಯರ್‌ನಲ್ಲೇ. ಸೂಪರ್ ಗ್ಲೂ ಬೇಡ, ಅದರ ಆವಿ ಕಿಟಕಿಯ ಮೇಲೆ ಬಿಳಿ ಮಂಜು ಕೂರಿಸುತ್ತದೆ. ಹೊಳಪು ತಗ್ಗಿಸುವ ಮ್ಯಾಟ್ ವಾರ್ನಿಶ್ ಹೊಡೆಯುವ ಕೆಲಸವನ್ನೂ ಗಾಜು ಕೂರಿಸುವ ಮೊದಲೇ ಮುಗಿಸಿಕೊಳ್ಳಿ.

ಈ ಡಬ್ಬಿಯ ಬಗ್ಗೆ ನನ್ನ ದೂರು ಒಂದೇ. ಮಳೆಗಾಲ ಬಂದರೆ ಸ್ಲಿಪ್‌ಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ, ಕೆಲವು ಮಸುಕಾಗುತ್ತವೆ. ಸ್ಪಿರಿಟ್‌ನಲ್ಲಿ ಒರೆಸಿದರೂ ಹೋಗದ ಮಸುಕು ಗಾಜಿನದೇ, ಅದನ್ನು ಎಸೆಯಿರಿ. ಕೊಳ್ಳುವಾಗ ಸೀಲ್ ಬಿಗಿಯಾಗಿದೆಯೇ ನೋಡಿ, ತಂದ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬಿಯಲ್ಲಿಡಿ. ಮೊದಲ ಸಲ ಕತ್ತರಿಸುವವರು ನಂಬರ್ 2 ಕೇಳಿ. ಅದು 0.17ರಿಂದ 0.25 ಮಿ.ಮೀ., ಕೈಗೆ ಸ್ವಲ್ಪ ಗಟ್ಟಿ. ನಂಬರ್ 0 ಕೊಟ್ಟರೆ ವಾಪಸ್ ಮಾಡಿ. ಅದು ಉಸಿರು ಬಿಟ್ಟರೂ ಒಡೆಯುವ ಜಾತಿ.