ಗ್ರಾಮಸಭೆ ಎಂಬ ಸೇವೆ: ಕಾಸರಗೋಡಿನ ಯುವಜನರಿಗೆ ಎಷ್ಟು ಉಪಯೋಗ?

ಪ್ರವೇಶಕ್ಕೆ ಕಾಸಿಲ್ಲ, ಕೊನೆಗೆ ಚಹಾವೂ ಸಿಗಬಹುದು. ಆದರೂ ಮಂಜೇಶ್ವರ, ಕಾಸರಗೋಡು ತಾಲೂಕುಗಳ ವಾರ್ಡು ಗ್ರಾಮಸಭೆಗಳಲ್ಲಿ ಇಪ್ಪತ್ತೈದರೊಳಗಿನ ಮುಖ ಕಾಣುವುದು ಅಪರೂಪ. ಕುರ್ಚಿ ತುಂಬುವುದು ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯ ಹೆಂಗಸರಿಂದ, ಮನೆ ರಿಪೇರಿಗೋ ಹಟ್ಟಿಗೋ ಅರ್ಜಿ ಹಿಡಿದು ಬಂದವರಿಂದ. ಈಗಿನ ಮಕ್ಕಳಿಗೆ ಊರಿನ ಚಿಂತೆ ಇಲ್ಲ ಎಂದು ವೇದಿಕೆಯಿಂದ ಹೇಳುವುದು ಸುಲಭ. ಕೆಲಸದ ದಿನ ಬೆಳಿಗ್ಗೆ ಹತ್ತೂವರೆಗೆ ಸಭೆ ಇಟ್ಟರೆ ಕಾಲೇಜಿಗೋ ಕೆಲಸಕ್ಕೋ ಮಂಗಳೂರಿನ ಬಸ್ಸು ಹತ್ತಿದವರು ಬರುವುದಾದರೂ ಹೇಗೆ?

1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಮೂರು ತಿಂಗಳಿಗೊಮ್ಮೆ ಸಭೆ ಸೇರಲೇಬೇಕು. ಕರೆಯಬೇಕಾದವರು ವಾರ್ಡು ಮೆಂಬರು. ಕೋರಂ, ಎಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಮತದಾರರ ಶೇ. 10, ಅಂದರೆ 1,200 ಮತದಾರರ ವಾರ್ಡಿಗೆ 120 ಮಂದಿ. ವರ್ಷದ ಸಭೆಗಳೆಲ್ಲ ಒಂದೇ ತೂಕದವಲ್ಲ. ಮುಂದಿನ ಆರ್ಥಿಕ ವರ್ಷದ ಯೋಜನೆಗೆ ಸಲಹೆ ಕೇಳುವ ಸಭೆ ಒಂದು, ಫಲಾನುಭವಿಗಳನ್ನು ಆರಿಸುವ ಸಭೆ ಇನ್ನೊಂದು. ಎರಡನೆಯದಕ್ಕೆ ಹೋಗಿ ಆಟದ ಮೈದಾನ ಬೇಕೆಂದರೆ ಮೆಂಬರು ತಲೆಯಾಡಿಸಿಯಾರು, ಮಿನಿಟ್ಸಿನಲ್ಲಿ ಒಂದು ಸಾಲೂ ಬಿದ್ದೀತು, ಅಷ್ಟೇ. ಯೋಜನೆ ಅಷ್ಟರಲ್ಲಿ ಜಿಲ್ಲಾ ಯೋಜನಾ ಸಮಿತಿಯ ಮಂಜೂರಾತಿ ಪಡೆದು ಬಂದಿರುತ್ತದೆ. ನೋಟೀಸು ಬಂದಾಗ ಮೊದಲು ನೋಡಬೇಕಾದ್ದು ಅಜೆಂಡಾ.

ಹೊಸಬರು ಎಡವುವ ಜಾಗ ಮತದಾರರ ಪಟ್ಟಿ. ವಾರ್ಡಿನ ಪಟ್ಟಿಯಲ್ಲಿ ಹೆಸರಿದ್ದವರಷ್ಟೇ ಗ್ರಾಮಸಭೆಯ ಸದಸ್ಯರು. ಸ್ಥಳೀಯಾಡಳಿತದ ಪಟ್ಟಿಯನ್ನು ತಯಾರಿಸುವುದು ರಾಜ್ಯ ಚುನಾವಣಾ ಆಯೋಗ; ವಿಧಾನಸಭೆ, ಲೋಕಸಭೆಯ ಪಟ್ಟಿ ಬೇರೆ. ಕೈಯಲ್ಲಿ ವೋಟರ್ ಕಾರ್ಡ್ ಇದ್ದರೂ ಪಂಚಾಯತು ಪಟ್ಟಿಯಲ್ಲಿ ಹೆಸರಿಲ್ಲದೆ ಹೋಗಬಹುದು. ಹದಿನೆಂಟು ತುಂಬಿದವರು ಎರಡೂ ಕಡೆ ಪ್ರತ್ಯೇಕವಾಗಿ ಹೆಸರು ಸೇರಿಸಬೇಕು.

ಯೋಜನೆಯ ಗ್ರಾಮಸಭೆಯಲ್ಲಿ ಸ್ವಾಗತ, ವರದಿ ಮುಗಿದ ಮೇಲೆ ಕೃಷಿ, ಕುಡಿಯುವ ನೀರು, ಶಿಕ್ಷಣ ಹೀಗೆ ವಿಷಯವಾರು ಗುಂಪು ಮಾಡುತ್ತಾರೆ. ನಿಜವಾದ ಕೆಲಸ ನಡೆಯುವುದು ಇಲ್ಲಿ. ಭಾಷಣ ಮುಗಿಯಿತೆಂದು ಎದ್ದು ಹೋಗುವವರೇ ಹೆಚ್ಚಾದ್ದರಿಂದ ಗುಂಪಿನಲ್ಲಿ ಉಳಿಯುವವರು ಎಂಟೋ ಹತ್ತೋ ಮಂದಿ. ನಾಲ್ವರು ಒಟ್ಟಾಗಿ ಕುಳಿತರೆ ಮಾತಿಗೆ ಬಲ ಬರುತ್ತದೆ. ಬಾಯಿಮಾತು ಸಾಲದು, ಒಂದೇ ಪುಟದಲ್ಲಿ ಕೆಲಸದ ಹೆಸರು, ಜಾಗದ ಸರ್ವೆ ನಂಬರು, ಎಷ್ಟು ಮನೆಗೆ ಉಪಯೋಗ, ಅಂದಾಜು ಖರ್ಚು ಬರೆದು ಸಹಿ ಹಾಕಿ ಕೊಡಬೇಕು. ಗ್ರಾಮಸಭೆಗಳ ಸಲಹೆಗಳನ್ನು ಪಂಚಾಯತು ಮಟ್ಟದಲ್ಲಿ ಚರ್ಚಿಸುವ ವಿಕಸನ ಸೆಮಿನಾರಿಗೆ ಪ್ರತಿನಿಧಿಗಳನ್ನು ಆರಿಸುವಾಗ ತಮ್ಮಲ್ಲೊಬ್ಬರ ಹೆಸರು ಹೇಳುವುದನ್ನು ಮರೆಯಬಾರದು. ಸೆಮಿನಾರಿನಲ್ಲಿ ಮಾತಾಡುವವರಿಲ್ಲದ ಸಲಹೆ ಪಟ್ಟಿಯ ಅಡಿಗೆ ಜಾರುತ್ತದೆ.

ಸಲಹೆಗಳು ಬಿದ್ದುಹೋಗುವುದಕ್ಕೆ ಹೆಚ್ಚಾಗಿ ರಾಜಕೀಯವನ್ನು ದೂರುತ್ತಾರೆ. ರಾಜಕೀಯ ಇಲ್ಲವೆಂದಲ್ಲ, ಆದರೆ ಎಷ್ಟೋ ಸಲಹೆ ಅದಕ್ಕೂ ಮೊದಲೇ ಸಾಯುತ್ತದೆ. ಮೈದಾನಕ್ಕೆ, ವಾಚನಾಲಯಕ್ಕೆ ಪಂಚಾಯತು ಹಣ ಹಾಕಬೇಕಾದರೆ ಜಾಗ ಪಂಚಾಯತಿನ ವಶದಲ್ಲಿರಬೇಕು. ರಸ್ತೆಯಾದರೆ ಆಸ್ತಿ ರಿಜಿಸ್ಟರಿನಲ್ಲಿ ಸೇರಿರಬೇಕು. ತೋಟದ ನಡುವಿನ ಖಾಸಗಿ ದಾರಿಗೆ ಕಾಂಕ್ರೀಟು ಕೇಳಿದರೆ, ಜಾಗದವರು ಬಿಟ್ಟುಕೊಟ್ಟ ಕಾಗದ ಬರುವ ತನಕ ಫೈಲು ಅಲ್ಲಾಡುವುದಿಲ್ಲ. ಇದ್ದ ರಸ್ತೆಯ ಗುಂಡಿ ಮುಚ್ಚಲು ಬೇರೆಯೇ ನಿರ್ವಹಣಾ ನಿಧಿ ಇದೆ; ಅದನ್ನು ಹೊಸ ಯೋಜನೆಯೆಂದು ಬರೆದು ಕೊಡುವುದು ವ್ಯರ್ಥ. ಬಸ್ಸು, ಲೋಕೋಪಯೋಗಿ ರಸ್ತೆ, ಕನ್ನಡ ಬಲ್ಲ ಅಧ್ಯಾಪಕರ ನೇಮಕಾತಿ ಇವು ಪಂಚಾಯತಿನ ಕೈಯಲ್ಲಿಲ್ಲ. ಅವನ್ನು ಯೋಜನೆಯ ಪಟ್ಟಿಗೆ ತುರುಕದೆ ಗ್ರಾಮಸಭೆಯ ನಿರ್ಣಯವಾಗಿ ಬರೆಸಿ ಆಯಾ ಇಲಾಖೆಗೆ ಕಳಿಸಲು ಒತ್ತಾಯಿಸುವುದೇ ಸರಿ.

ಭಾಷೆಯ ವಿಷಯದಲ್ಲಿ ಈ ಸೇವೆಗೆ ಕಡಿಮೆ ಅಂಕ. ಅಜೆಂಡಾ, ಕರಡು ಯೋಜನೆಯ ಪುಸ್ತಕ ಮಲಯಾಳದಲ್ಲಷ್ಟೇ ಬಂದರೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಗುಂಪಿನಲ್ಲಿ ಸುಮ್ಮನೆ ಕೂರುತ್ತಾಳೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಸಲಹೆಯ ಪುಟವನ್ನು ಕನ್ನಡದಲ್ಲೇ ಕೊಟ್ಟು ಸ್ವೀಕೃತಿ ರಶೀದಿ ಕೇಳಬಹುದು. ಅನುವಾದಿಸಿ ತರಲು ಹೇಳಿದರೆ ಒಪ್ಪಬೇಕಿಲ್ಲ.

ಯೋಜನೆಯ ಕರಡನ್ನು ವಿಷಯವಾರು ತಯಾರಿಸುವ ಪಂಚಾಯತಿನ ವರ್ಕಿಂಗ್ ಗ್ರೂಪಿಗೆ ಹೆಚ್ಚು ಅಂಕ ಕೊಡಬೇಕು. ಕರಡು ಸಲಹೆಗಳು ಮೊದಲು ಹುಟ್ಟುವುದು ಅಲ್ಲೇ; ಗ್ರಾಮಸಭೆಗೆ ಬರುವಾಗ ಅರ್ಧ ತೀರ್ಮಾನ ಆಗಿಯೇ ಇರುತ್ತದೆ. ಚುನಾಯಿತ ಸದಸ್ಯರಲ್ಲದವರನ್ನೂ ಇದಕ್ಕೆ ಸೇರಿಸುತ್ತಾರೆ. ಸಿವಿಲ್ ಡಿಪ್ಲೊಮಾ ಆದವರು, ಕೃಷಿ ಓದಿದವರು, ಲೆಕ್ಕಪತ್ರ ತಿಳಿದವರು ಗ್ರೂಪುಗಳನ್ನು ಹೊಸದಾಗಿ ರಚಿಸುವ ಹೊತ್ತಿಗೆ ಪಂಚಾಯತು ಅಧ್ಯಕ್ಷರಿಗೆ ಒಂದು ಪತ್ರ ಕೊಟ್ಟರೆ ಸಾಕು. ಯುವಜನ ಎಂದ ಕೂಡಲೇ ಕ್ರೀಡೆಯ ಗ್ರೂಪಿಗೆ ತಳ್ಳುವ ಅಭ್ಯಾಸ ಇದೆ, ಅದಕ್ಕೆ ಬಗ್ಗಬಾರದು. ಯುವಜನರ ಕಲೆ, ಕ್ರೀಡೆಯ ಕೇರಳೋತ್ಸವ, ಕ್ಲಬ್ಬಿಗೆ ವಾಲಿಬಾಲ್ ನೆಟ್ಟು ಇವಿಷ್ಟರಲ್ಲೇ ಯುವಜನರ ಪಾಲು ಮುಗಿದ ಪಂಚಾಯತುಗಳು ಬೇಕಾದಷ್ಟಿವೆ. ಕಸ ವಿಲೇವಾರಿ, ನೀರು, ಕೃಷಿಯ ಗ್ರೂಪುಗಳಲ್ಲಿ ಹಣವೂ ಇದೆ, ಜನರ ಕೊರತೆಯೂ ಇದೆ.

ಹದಿನೆಂಟು ಆಗದವರಿಗೆ ಕುಟುಂಬಶ್ರೀಯ ಮಕ್ಕಳ ಕೂಟವಾದ ಬಾಲಸಭೆ ಇದೆ. ಮಾತಾಡಲು, ಠರಾವು ಬರೆಯಲು ಕಲಿಯುವುದಕ್ಕೆ ಒಳ್ಳೆಯದು, ತೀರ್ಮಾನದ ಅಧಿಕಾರ ಮಾತ್ರ ಇಲ್ಲ. ಇಪ್ಪತ್ತೊಂದಾದರೆ ಚುನಾವಣೆಗೇ ನಿಲ್ಲಬಹುದು. 2020ರ ಸ್ಥಳೀಯಾಡಳಿತ ಚುನಾವಣೆಯ ಬಳಿಕ ತಿರುವನಂತಪುರ ನಗರಪಾಲಿಕೆಗೆ ಮೇಯರ್ ಆದ ಆರ್ಯಾ ರಾಜೇಂದ್ರನ್ ಅವರಿಗೆ ಆಗ ಅಷ್ಟೇ ಪ್ರಾಯ.

ಹಾಗಾಗಿ ಒಂದೇ ದಿನ ಬಂದು ಜೋರು ಮಾತಾಡಿ ಹೋಗುವವರಿಗೆ ಈ ಸೇವೆ ನಷ್ಟ. ಅಜೆಂಡಾದಿಂದ ಸೆಮಿನಾರಿನ ತನಕ ಬೆನ್ನು ಹತ್ತುವ ಮೂರ್ನಾಲ್ಕು ಮಂದಿಯ ತಂಡಕ್ಕೆ ಲಾಭ. ತಮ್ಮ ಪಂಚಾಯತಿಗೆ ಆ ವರ್ಷ ಎಷ್ಟು ಹಣವೆಂಬುದು ರಾಜ್ಯ ಬಜೆಟಿನ ನಾಲ್ಕನೇ ಅನುಬಂಧದಲ್ಲಿ ಪಂಚಾಯತುವಾರು ಅಚ್ಚಾಗಿರುತ್ತದೆ. ಅದನ್ನು ನೋಡಿಕೊಂಡೇ ಅಂದಾಜು ಬರೆಯಬೇಕು. ಕೊಟ್ಟ ಸಲಹೆ ಎಲ್ಲಿ ನಿಂತಿತೆಂದು ತಿಳಿಯದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಅಂಟಿಸಿ ಗ್ರಾಮಸಭೆಯ ಮಿನಿಟ್ಸಿನ ಮತ್ತು ವರ್ಕಿಂಗ್ ಗ್ರೂಪ್ ವರದಿಯ ಪ್ರತಿ ಕೇಳಬಹುದು. ಉತ್ತರಕ್ಕೆ ಗಡುವು 30 ದಿನ.