ಫ್ಯುಯೆಲ್ ಪ್ರೆಶರ್ ಗೇಜ್ ಕಿಟ್: ಎರಡು ವರ್ಷ ಬಳಸಿದ ಮೇಲೆ

ಇದು 2,600 ರೂಪಾಯಿಯ ಒಂದು ಕೆಂಪು ಪ್ಲಾಸ್ಟಿಕ್ ಡಬ್ಬಿಯ ವಿಮರ್ಶೆ. ಒಳಗೆ ಪೆಟ್ರೋಲ್ ಲೈನಿನ ಒತ್ತಡ ತೋರಿಸುವ ಮುಳ್ಳಿನ ಒಂದು ಮೀಟರು, ಒಂದು ಹೋಸು, ಒಂದಷ್ಟು ಹಿತ್ತಾಳೆ ಅಡಾಪ್ಟರು, ಟಿ ಆಕಾರದ ಜೋಡಣೆಗಳು, ಕ್ಲಿಪ್ಪುಗಳು. ಇದೇ ಡಬ್ಬಿ ನಾಲ್ಕೈದು ಹೆಸರಿನಲ್ಲಿ ಸಿಗುತ್ತದೆ, ಸ್ಟಿಕ್ಕರ್ ಮಾತ್ರ ಬೇರೆ. ಹಾಗಾಗಿ ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ನಾನು ತಗೊಂಡಿದ್ದು 2023ರ ಜುಲೈನಲ್ಲಿ. ಅಷ್ಟರೊಳಗೆ ನನ್ನ ಗಾಡಿಯ ಒಂದೇ ಒಂದು ತೊಂದರೆಗೆ ಮೂವತ್ತು ಸಾವಿರಕ್ಕೂ ಜಾಸ್ತಿ ಸುರಿದಾಗಿತ್ತು. ಆ ಲೆಕ್ಕ ಮನೆಯಲ್ಲಿ ಇವತ್ತಿಗೂ ಪೂರ್ತಿ ಗೊತ್ತಿಲ್ಲ.

ಗಾಡಿ ಹಳೇ 1.8 ಲೀಟರ್ ಟರ್ಬೊ ಪೆಟ್ರೋಲ್ ಸೆಡಾನ್. ಹುಟ್ಟಿನಿಂದ 150 ಪಿಎಸ್. ನನ್ನ ಕೈಗೆ ಬಂದ ಮೇಲೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ರೀಮ್ಯಾಪ್ ಆಯಿತು, ಅಂದರೆ ಹೊಸ ಪ್ರೋಗ್ರಾಂ ಬಿತ್ತು, ಬೂಸ್ಟ್ (ಟರ್ಬೊ ಒಳಗೆ ತಳ್ಳುವ ಗಾಳಿಯ ಒತ್ತಡ) 1 ಬಾರ್‌ಗೆ ಏರಿತು, ಟ್ಯಾಂಕಿನೊಳಗೆ ಗಂಟೆಗೆ 255 ಲೀಟರ್ ಎತ್ತುವ ದೊಡ್ಡ ಪಂಪ್ ಕೂತಿತು. ಪಂಪ್ ಹಾಕಿದ್ದು ಮೈಸೂರಿನ ಒಂದು ಗ್ಯಾರೇಜು. ಮನೆ ಮಂಡ್ಯ, ಕೆಲಸ ಮೈಸೂರು. ದಿನಾ ಹೋಗಿ ಬರುವ ಗಾಡಿ ಅದೇ.

ತೊಂದರೆ ಹೀಗಿತ್ತು. ಊರೊಳಗೆ ಏನೂ ಇಲ್ಲ, ಬೆಣ್ಣೆ ಥರ ಓಡುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ 4,000 ಆರ್‌ಪಿಎಂ ದಾಟಿದರೆ ಮುಗ್ಗರಿಸುತ್ತದೆ. ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗೆ. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿದ್ದರೆ ಇನ್ನೂ ಜಾಸ್ತಿ. ಬೆಳಗ್ಗೆ ಸ್ಟಾರ್ಟ್ ಆಗಲು ಮಾಮೂಲಿಗಿಂತ ಎರಡು ಸೆಕೆಂಡ್ ಹೆಚ್ಚು ಸೆಲ್ಫ್ ಹೊಡೆಯಬೇಕಿತ್ತು. ಈ ಕೊನೆಯದನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಹಳೇ ಗಾಡಿ, ಬೆಳಗಿನ ಚಳಿ, ಅಷ್ಟೇ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಅರ್ಧ ಕತೆ ಅಲ್ಲೇ ಇತ್ತು.

ಒಬ್ಬರು ಪ್ಲಗ್ ಅಂದರು, ಬದಲಾಯಿಸಿದೆ. ಇನ್ನೊಬ್ಬರು ಕಾಯಿಲ್ ಅಂದರು, ನಾಲ್ಕೂ ಹೊಸದು. ಏರ್‌ಫ್ಲೋ ಸೆನ್ಸರ್ ತೊಳೆದದ್ದಾಯಿತು, ಇಂಜೆಕ್ಟರ್ ಬಿಚ್ಚಿ ಕ್ಲೀನ್ ಮಾಡಿಸಿದ್ದಾಯಿತು. ಸುಮ್ನೆ ಊಹೆ ಮೇಲೆ ಊಹೆ. ಯಾರೂ ಅಳತೆ ಮಾಡಲಿಲ್ಲ, ನಾನೂ ಕೇಳಲಿಲ್ಲ.

ಸ್ಕ್ಯಾನರ್ ಇರಲಿಲ್ಲವೇ ಅಂತ ಕೇಳಬಹುದು. ಇತ್ತು, ಬ್ಲೂಟೂತ್‌ನ ಚಿಕ್ಕದು. ಪಿ0171 ಕೋಡ್ ತೋರಿಸುತ್ತಿತ್ತು, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲುತ್ತಿಲ್ಲ. ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಕೊರತೆ ತುಂಬಲು ಇಸಿಯು ಶೇಕಡಾ ಎಷ್ಟು ಹೆಚ್ಚು ಪೆಟ್ರೋಲ್ ಹಾಕುತ್ತಿದೆ ಅನ್ನುವ ಲೆಕ್ಕ) ಐಡಲ್‌ನಲ್ಲಿ +3ರ ಆಸುಪಾಸು, ಲೋಡ್ ಬಿದ್ದಾಗ +14. ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ಎಲ್ಲೋ ಗಾಳಿ ಸೋರುತ್ತಿದ್ದರೆ ಐಡಲ್‌ನಲ್ಲೇ ಟ್ರಿಮ್ ಜಾಸ್ತಿ ಇರುತ್ತದೆ, ಆರ್‌ಪಿಎಂ ಏರಿದ ಹಾಗೆ ಇಳಿಯುತ್ತದೆ. ಐಡಲ್‌ನಲ್ಲಿ ಸರಿ ಇದ್ದು ಲೋಡ್‌ನಲ್ಲಿ ಏರಿದರೆ ಮೊದಲ ಅನುಮಾನ ಪೆಟ್ರೋಲ್ ಸರಬರಾಜಿನ ಮೇಲೆ. ಆದರೆ ಪಂಪೋ, ಫಿಲ್ಟರೋ, ವೈರೋ ಅಂತ ಸ್ಕ್ಯಾನರ್ ಹೇಳುವುದಿಲ್ಲ. ಈ ಗಾಡಿಯಲ್ಲಿ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪಿನಲ್ಲಿ, ಅಂದರೆ ರೇಲ್‌ನಲ್ಲಿ ಪ್ರೆಶರ್ ಸೆನ್ಸರೇ ಇಲ್ಲ. ಅದಕ್ಕೇ ಈ ಡಬ್ಬಿ ಬಂತು.

ನನ್ನ ಗಾಡಿಯ ರೇಲ್‌ನಲ್ಲಿ ಗೇಜ್ ಸಿಕ್ಕಿಸುವ ವಾಲ್ವ್ ಕೂಡ ಇಲ್ಲ. ರಬ್ಬರ್ ಹೋಸ್ ನಡುವೆ ಟಿ ಹಾಕಬೇಕು. ಮೊದಲು ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ, ಲೈನಿನ ಪ್ರೆಶರ್ ಇಳಿಸಿಕೊಳ್ಳಬೇಕು. ಇಲ್ಲದಿದ್ದರೆ ಪೆಟ್ರೋಲ್ ಸೀದಾ ಮುಖಕ್ಕೆ. ಕಿಟ್ ಜೊತೆ ಬರುವ ಕ್ಲಿಪ್ಪುಗಳನ್ನು ಮೊದಲ ದಿನವೇ ಎಸೆಯಿರಿ. ಅಂಚು ಚೂಪು, ಹೋಸನ್ನು ಕಚ್ಚಿ ಕತ್ತರಿಸುತ್ತವೆ. ನನಗೆ ಐದೇ ನಿಮಿಷದಲ್ಲಿ ಹನಿ ಶುರುವಾಗಿತ್ತು, ಅದೂ ಬಿಸಿ ಟರ್ಬೊ ಪಕ್ಕದಲ್ಲಿ. ಫ್ಯುಯೆಲ್ ಇಂಜೆಕ್ಷನ್‌ಗೆಂದೇ ಬರುವ ಅಂಚು ಮಡಿಚಿದ ಕ್ಲ್ಯಾಂಪ್ ಬೇರೆ ತಗೊಳ್ಳಿ.

ಈಗ ಅಳತೆಯ ಮಾತು. ಇಂಥ ಗಾಡಿಯಲ್ಲಿ ರೆಗ್ಯುಲೇಟರಿಗೆ (ಪೆಟ್ರೋಲ್ ಪ್ರೆಶರ್ ಹಿಡಿತದಲ್ಲಿಡುವ ವಾಲ್ವ್) ಮ್ಯಾನಿಫೋಲ್ಡಿನಿಂದ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಬರುತ್ತದೆ. ಅದನ್ನು ಕಿತ್ತಿಟ್ಟು ನೋಡಿದರೆ 3 ಬಾರ್ ಇರಬೇಕು. ಸಿಕ್ಕಿಸಿದರೆ ಐಡಲ್‌ನಲ್ಲಿ ಸುಮಾರು 2.5. ಬೂಸ್ಟ್ ಬಂದಾಗ ಅಷ್ಟಕ್ಕಷ್ಟೇ ಏರಬೇಕು, 1 ಬಾರ್ ಬೂಸ್ಟಿಗೆ 4 ಬಾರ್. ಯಾಕೆಂದರೆ ಇಂಜೆಕ್ಟರಿನ ತುದಿಯಲ್ಲಿ ಟರ್ಬೊ ಗಾಳಿ ಎದುರು ಒತ್ತುತ್ತಿರುತ್ತದೆ. ಅದನ್ನು ಮೀರಿ ಯಾವಾಗಲೂ 3 ಬಾರ್ ವ್ಯತ್ಯಾಸ ಉಳಿದರೆ ಮಾತ್ರ ಇಸಿಯು ಲೆಕ್ಕ ಹಾಕಿದಷ್ಟು ಪೆಟ್ರೋಲ್ ಒಳಗೆ ಬೀಳುತ್ತದೆ.

ಮನೆ ಮುಂದೆ ನಿಲ್ಲಿಸಿ ನೋಡಿದೆ. ಪೈಪ್ ಕಿತ್ತರೆ 3, ಸಿಕ್ಕಿಸಿದರೆ 2.5. ಪುಸ್ತಕದಲ್ಲಿ ಬರೆದ ಹಾಗೆ. ಖುಷಿಯಾಗಿ ಆಫ್ ಮಾಡಿ ಕಾಫಿ ಕುಡಿಯಲು ಒಳಗೆ ಹೋದೆ. ವಾಪಸ್ ಬಂದು ನೋಡಿದರೆ ಮುಳ್ಳು ಸೊನ್ನೆಯಲ್ಲಿತ್ತು. ಆಫ್ ಮಾಡಿದ್ದೀನಲ್ಲ, ಸೊನ್ನೆ ಇರಲೇಬೇಕು ಅಂದುಕೊಂಡು ಡಬ್ಬಿ ಮುಚ್ಚಿದೆ. ಎಂಥ ದಡ್ಡತನ! ಆಫ್ ಮಾಡಿದ ಮೇಲೂ ಆ ಪ್ರೆಶರ್ ಬಹಳ ಹೊತ್ತು ನಿಲ್ಲಬೇಕು. ಮೀಟರ್ ಮೊದಲ ದಿನವೇ ಬಾಯಿಬಿಟ್ಟು ಹೇಳಿತ್ತು, ನಾನು ಕಾಫಿ ಕುಡಿಯುತ್ತಿದ್ದೆ.

ನಿಂತ ಗಾಡಿಯಲ್ಲಿ ಪಂಪಿಗೆ ಕೆಲಸವೇ ಇಲ್ಲ. ಓಡುವಾಗ ನೋಡಬೇಕು. ಪೆಟ್ರೋಲ್ ತುಂಬಿದ ಹೋಸನ್ನು ಕಾರಿನೊಳಗೆ ತರುವುದು ಮಾತ್ರ ಬೇಡವೇ ಬೇಡ. ಬಾನೆಟ್ ಸಂದಿಯಿಂದ ಹೊರಗೆ ತಂದು, ಮೀಟರನ್ನು ಮುಂದಿನ ಗಾಜಿನ ಮೇಲೆ ಹೊರಗಡೆಯಿಂದ ಟೇಪ್ ಹಾಕಿ ಅಂಟಿಸಿದೆ. ಇಲ್ಲೇ ಕಿಟ್‌ನ ದೊಡ್ಡ ಕೊರತೆ ಗೊತ್ತಾಗಿದ್ದು. ಹೋಸ್ ಗಿಡ್ಡ. ಗಾಜಿನ ತಳದವರೆಗೆ ಬಂದು ನಿಲ್ಲುತ್ತದೆ. ಡ್ರೈವರ್ ಸೀಟಿನಿಂದ ಕಾಣುವುದಿಲ್ಲ. ಹಾಗಾಗಿ ಭಾವಮೈದನನ್ನು ಎಡಗಡೆ ಕೂರಿಸಿ, ಕೈಗೆ ಮೊಬೈಲ್ ಕೊಟ್ಟು ವಿಡಿಯೊ ಮಾಡಲು ಹೇಳಿದೆ.

ಬೆಳಗ್ಗೆ ಐದೂವರೆ. ಸರ್ವಿಸ್ ರೋಡಿನಿಂದ ಎಕ್ಸ್‌ಪ್ರೆಸ್‌ವೇ ಹತ್ತುವ ಜಾಗ. ಎರಡನೇ ಗೇರಿನಲ್ಲಿ 5,500 ಆರ್‌ಪಿಎಂವರೆಗೆ ಒತ್ತಿದರೂ ನನ್ನ ಗಾಡಿ 85 ದಾಟುವುದಿಲ್ಲ, ಅಲ್ಲಿನ ಮಿತಿ 100. ಕ್ಯಾಮೆರಾಗೂ ಬೇಜಾರಿಲ್ಲ, ನನಗೂ ಇಲ್ಲ. ಒತ್ತಿದೆ. ಮುಳ್ಳು 3 ದಾಟಿತು, 3.5, 3.6. ಅಲ್ಲಿಗೆ ನಿಂತಿತು. ಆಮೇಲೆ ನಿಧಾನಕ್ಕೆ ಹಿಂದೆ ಸರಿಯಲು ಶುರು.

"ಭಾವ, ಮುಳ್ಳು ಬೀಳ್ತಾ ಐತೆ! ಭಾವ, ಬುಡಿ ಕಾಲು!"

5,000 ಆರ್‌ಪಿಎಂನಲ್ಲಿ 2.8 ಬಾರ್. ನಾಲ್ಕು ಇರಬೇಕಾದ ಜಾಗದಲ್ಲಿ. ಆ ಎಂಟು ಸೆಕೆಂಡಿನ ವಿಡಿಯೊ ಇನ್ನೂ ಇಟ್ಟುಕೊಂಡಿದ್ದೇನೆ. ಇಷ್ಟು ಕಡಿಮೆ ಪೆಟ್ರೋಲಿಗೆ ಅಷ್ಟು ಬೂಸ್ಟ್ ಹಾಕಿ ಓಡಿಸಿದರೆ ಪಿಸ್ಟನ್ ಕರಗುತ್ತದೆ. ಅವತ್ತಿನಿಂದ ರಿಪೇರಿ ಮುಗಿಯುವವರೆಗೆ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹಾಗೆ ಓಡಿಸಿದೆ.

ಫಿಲ್ಟರ್ ಬದಲಾಯಿಸಿದೆ, ವ್ಯತ್ಯಾಸ ಏನಿಲ್ಲ. ಮುಂದಿನದು ಮಂಡ್ಯದ ಗುತ್ತಲು ರಸ್ತೆ ಕಡೆಯ ಆಟೊ ಎಲೆಕ್ಟ್ರಿಷಿಯನ್ ಅಂಗಡಿ. ವಯಸ್ಸಾದವರು, ಟರ್ಬೊ ಅಂದರೆ ಅವರಿಗೆ ಲಾರಿಯದ್ದೇ. ವಿಡಿಯೊ ನೋಡಿ ಅವರು ಹೇಳಿದ್ದು ಒಂದೇ ಮಾತು: "ಪಂಪ್ ಬುಡಿ ಸಾ, ಅದುಕ್ಕೆ ಕರೆಂಟ್ ಎಷ್ಟು ಓಯ್ತಾ ಐತೆ ನೋಡವ."

ಬ್ಯಾಟರಿಯಲ್ಲಿ 13.9 ವೋಲ್ಟ್. ಹಿಂದಿನ ಸೀಟು ಎತ್ತಿ, ಪಂಪಿನ ಕನೆಕ್ಟರಿನಲ್ಲಿ, ಪಂಪ್ ಓಡುತ್ತಿರುವಾಗಲೇ ಹಿಡಿದರೆ 11.2. ಉಳಿದ 2.7 ಎಲ್ಲಿ ಹೋಯಿತು? ಪಾಸಿಟಿವ್ ಕಡೆ 1.9, ಅರ್ಥ್ ಕಡೆ 0.8. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಗೆ, ಇನ್ನೊಂದು ಪಂಪಿನ ತುದಿಗೆ, ಪಂಪ್ ಓಡುತ್ತಿರಬೇಕು, ಅಷ್ಟೇ ಪರೀಕ್ಷೆ. ಪಂಪ್ ನಿಂತಿರುವಾಗ ಅಳೆದರೆ ಎಲ್ಲಾ ಸರಿಯಾಗೇ ಕಾಣುತ್ತದೆ. ಕಾರು ಹುಟ್ಟಿದಾಗ ಹಾಕಿದ ವೈರು ಚಿಕ್ಕ ಪಂಪಿಗೆ ಸಾಕಾಗಿತ್ತು, ದೊಡ್ಡದಕ್ಕೆ ಸಾಲುತ್ತಿರಲಿಲ್ಲ. ಅರ್ಥ್ ಬೋಲ್ಟ್ ಹಸಿರು ಹಿಡಿದಿತ್ತು. ವೋಲ್ಟೇಜ್ ಇಳಿದರೆ ಪಂಪ್ ನಿಧಾನ, ಜೊತೆಗೆ ಪ್ರೆಶರ್ ಏರಿದಷ್ಟೂ ಪಂಪ್ ಎತ್ತುವುದು ಕಡಿಮೆ. ಫುಲ್ ಬೂಸ್ಟಿನಲ್ಲಿ ಎರಡೂ ಒಟ್ಟಿಗೆ ಹೊಡೆಯುತ್ತವೆ. ಡಬ್ಬದ ಮೇಲಿನ 255 ಅನ್ನುವ ನಂಬರನ್ನು ನೋಡಿ ಮೋಸ ಹೋಗುವುದು ಹೀಗೆ.

ಬ್ಯಾಟರಿಯಿಂದ ದಪ್ಪ ವೈರು, 20 ಆಂಪ್ ಫ್ಯೂಸ್, ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು), ಹೊಸ ಅರ್ಥ್. ಹಳೇ ವೈರನ್ನು ರಿಲೇ ಎಳೆಯಲು ಮಾತ್ರ ಬಿಟ್ಟೆವು. ಹಾಗೆ ಮಾಡಿದರೆ ಎಂಜಿನ್ ನಿಂತ ಕೂಡಲೇ ಪಂಪೂ ನಿಲ್ಲುತ್ತದೆ, ಆಕ್ಸಿಡೆಂಟ್ ಆದರೆ ಪೆಟ್ರೋಲ್ ಹರಿಯುತ್ತಾ ಇರುವುದಿಲ್ಲ. ಕೆಲವರು ನೇರವಾಗಿ ಇಗ್ನಿಷನ್ ಸ್ವಿಚ್ಚಿಗೆ ಕೊಟ್ಟುಬಿಡುತ್ತಾರೆ. ಅದು ತಪ್ಪು. ಒಟ್ಟು ಖರ್ಚು 1,400 ರೂಪಾಯಿ, ಮಧ್ಯೆ ಎರಡು ಟೀ.

ಮತ್ತೆ ಅದೇ ರ‍್ಯಾಂಪು, ಅದೇ ಭಾವಮೈದ. 3.9 ಬಾರ್, ಅಲುಗಾಡಲಿಲ್ಲ. ಮುಗಿಯಿತು ಅಂದುಕೊಂಡೆ. ಹತ್ತು ದಿನ ಬಿಟ್ಟು ಟ್ಯಾಂಕ್ ಕಾಲು ಭಾಗಕ್ಕೆ ಬಂದಾಗ ಮತ್ತೆ ಮುಗ್ಗರಿಸಿತು.

ಆಗ ನೆನಪಾಗಿದ್ದು ಆ ಕಾಫಿ. ಮತ್ತೆ ಗೇಜ್ ಹಾಕಿ, ಆಫ್ ಮಾಡಿ, ಪಕ್ಕದಲ್ಲೇ ಗಡಿಯಾರ ಹಿಡಿದು ಕೂತೆ. ಎರಡು ನಿಮಿಷಕ್ಕೆ ಸೊನ್ನೆ. ರೆಗ್ಯುಲೇಟರಿನಿಂದ ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಹೋಸನ್ನು ಕ್ಲ್ಯಾಂಪಿನಿಂದ ಒತ್ತಿ ಹಿಡಿದೆ, ಆಗಲೂ ಬಿತ್ತು. ಅಂದರೆ ರೆಗ್ಯುಲೇಟರ್ ಅಲ್ಲ. ಟ್ಯಾಂಕಿನಿಂದ ಬರುವ ಹೋಸನ್ನು ಒತ್ತಿದೆ, ಮುಳ್ಳು ಕಲ್ಲಿನ ಹಾಗೆ ನಿಂತಿತು. ಇಂಜೆಕ್ಟರೂ ಅಲ್ಲ. ಸೋರಿಕೆ ಟ್ಯಾಂಕಿನ ಒಳಗೇ. ಹೊರಗೆ ಒಂದು ಹನಿ ಇಲ್ಲ, ವಾಸನೆ ಇಲ್ಲ, ಹೇಗೆ ಗೊತ್ತಾಗಬೇಕು ಹೇಳಿ.

ಬಯಲಲ್ಲಿ ನಿಲ್ಲಿಸಿ, ಬ್ಯಾಟರಿ ಬಿಚ್ಚಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು ಟ್ಯಾಂಕಿನ ಮುಚ್ಚಳ ತೆಗೆದೆವು. ಪಂಪಿನಿಂದ ಮೇಲಿನ ಮುಚ್ಚಳಕ್ಕೆ ಹೋಗುವ ನಾಲ್ಕಿಂಚಿನ ಹೋಸು ನೆನೆಸಿದ ಹುಣಸೆಹಣ್ಣಿನ ಹಾಗೆ ಮೆತ್ತಗಾಗಿತ್ತು. ಬಗ್ಗಿಸಿದರೆ ಸೀಳು ಬಾಯಿಬಿಡುತ್ತಿತ್ತು. ಗ್ಯಾರೇಜಿನವರು ಹಾಕಿದ್ದು ಬಾನೆಟ್ ಕೆಳಗೆ ಬಳಸುವ ಮಾಮೂಲಿ ಪೆಟ್ರೋಲ್ ಹೋಸ್. ಅದರ ಒಳಮೈ ಮಾತ್ರ ಪೆಟ್ರೋಲ್ ತಡೆಯುತ್ತದೆ, ಹೊರಮೈ ಅಲ್ಲ. ಟ್ಯಾಂಕಿನೊಳಗೆ ಮುಳುಗಿಸಿಡಲು ಎಸ್‌ಎಇ 30ಆರ್10 ಅಂತ ಬೇರೆಯೇ ಹೋಸ್ ಇದೆ. ಬೆಲೆ ಜಾಸ್ತಿ, ಸಿಗುವುದು ಕಷ್ಟ, ಹಾಗಾಗಿ ಬಹಳ ಜನ ಹಾಕುವುದಿಲ್ಲ. ಸೀಳಿನಿಂದ ಚಿಮ್ಮಿದ ಪೆಟ್ರೋಲ್ ಪಂಪ್ ಕೂತಿರುವ ಬಕೆಟ್ಟಿನ ಆಚೆ ಬೀಳುತ್ತಿತ್ತು. ಟ್ಯಾಂಕ್ ತುಂಬಿದ್ದರೆ ಬಕೆಟ್ಟೂ ಮುಳುಗಿರುತ್ತದೆ, ತೊಂದರೆ ಕಾಣುವುದಿಲ್ಲ. ಕಾಲು ಟ್ಯಾಂಕಿನಲ್ಲಿ ಬಕೆಟ್ ಖಾಲಿ, ಪಂಪಿಗೆ ಗಾಳಿ. ಬೆಳಗಿನ ಉದ್ದ ಸೆಲ್ಫಿಗೂ ಇದೇ ಕಾರಣ.

ಅಂಥ ಹೋಸಿಗೆ ಎಥೆನಾಲ್ ಇನ್ನೊಂದು ಕಷ್ಟ. ಮಂಡ್ಯದವನಾಗಿ ಇದನ್ನು ಹೇಳಲು ಸ್ವಲ್ಪ ಸಂಕಟವೇ. ಕಬ್ಬು ನಮ್ಮ ಹೊಲದಲ್ಲೂ ಇದೆ, ಈಗ ಟ್ಯಾಂಕಿನಲ್ಲೂ ಇದೆ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ತಳದ ಕಚ್ರವನ್ನೂ ಕದಡಿ ಫಿಲ್ಟರಿಗೆ ಕಳಿಸುತ್ತದೆ. ಇನ್ನೊಂದು ಲೆಕ್ಕವೂ ಇದೆ. ಬೆರಕೆ ಇಲ್ಲದ ಪೆಟ್ರೋಲಿಗೆ ಗಾಳಿಯ ಪ್ರಮಾಣ 14.7ಕ್ಕೆ 1, ಶೇ. 20ಕ್ಕೆ ಸುಮಾರು 13.5ಕ್ಕೆ 1. ಅಂದರೆ ಅದೇ ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು. ಮೊದಲೇ ಅಂಚಿನಲ್ಲಿ ಓಡುತ್ತಿರುವ ಪಂಪಿಗೆ ಅಷ್ಟೇ ಸಾಕು, ಮುಗ್ಗರಿಸಲು.

ಹೋಸ್ ಬದಲಾದ ಮೇಲೆ ಆಫ್ ಮಾಡಿ ಅರ್ಧ ಗಂಟೆ ಬಿಟ್ಟರೂ 2.3 ಬಾರ್. ಟ್ಯಾಂಕ್ ರಿಸರ್ವ್‌ಗೆ ಬಂದರೂ ಫುಲ್ ಬೂಸ್ಟಿನಲ್ಲಿ 3.9. ಎರಡು ವರ್ಷದಿಂದ ಹಾಗೇ ಇದೆ.

ಇನ್ನು ಡಬ್ಬಿಯ ಬಾಳಿಕೆ. ಎಂಟನೇ ತಿಂಗಳಿಗೆ ಬೀಗದ ಕೊಕ್ಕೆ ಮುರಿಯಿತು, ಈಗ ರಬ್ಬರ್ ಬ್ಯಾಂಡ್. ವರ್ಷದೊಳಗೆ ಒಳಗಿನ ಓ-ರಿಂಗುಗಳು ಉಬ್ಬಿ ಹೋದವು, ಪೆಟ್ರೋಲ್ ತಡೆಯುವ ವೈಟಾನ್ ರಬ್ಬರಿನ ರಿಂಗ್ ಹಾಕಿದ ಮೇಲೆ ತೊಂದರೆ ಇಲ್ಲ. ಪ್ರೆಶರ್ ಬಿಡುವ ಗುಂಡಿಯಲ್ಲಿ ಆಗಾಗ ಒಂದು ಹನಿ ಜಿನುಗುತ್ತದೆ, ಬಟ್ಟೆ ಸುತ್ತಿಟ್ಟುಕೊಳ್ಳಿ. ಪಿಎಸ್‌ಐ ಅಂಕಿ ದಪ್ಪ, ಬಾರ್ ಅಂಕಿ ಇರುವೆ ಸಾಲಿನ ಹಾಗೆ. ಕತ್ತಲಲ್ಲಿ ಓದಲು ಆಗುವುದೇ ಇಲ್ಲ. ಆದರೆ ಮುಳ್ಳು ಪ್ರಾಮಾಣಿಕ. ಮೈಸೂರಿನಲ್ಲಿ ಒಬ್ಬರ ಹತ್ತಿರ ಇದ್ದ ದುಬಾರಿ ಗೇಜ್ ಪಕ್ಕ ಇಟ್ಟು ನೋಡಿದಾಗ ವ್ಯತ್ಯಾಸ 0.1 ಬಾರ್ ಅಷ್ಟೇ. ಈ ಕೆಲಸಕ್ಕೆ ಅದು ಲೆಕ್ಕವೇ ಅಲ್ಲ.

ಒಂದು ಎಚ್ಚರಿಕೆ. ಈಗಿನ ಟರ್ಬೊ ಪೆಟ್ರೋಲ್ ಗಾಡಿಗಳಲ್ಲಿ ಬಹಳಷ್ಟು ಡೈರೆಕ್ಟ್ ಇಂಜೆಕ್ಷನ್, ಅಂದರೆ ಪೆಟ್ರೋಲ್ ಸೀದಾ ಸಿಲಿಂಡರಿನೊಳಗೆ ಚಿಮ್ಮುತ್ತದೆ. ಅವುಗಳ ರೇಲ್‌ನಲ್ಲಿ 100–200 ಬಾರ್, ಹೊಸದರಲ್ಲಿ ಇನ್ನೂ ಜಾಸ್ತಿ. ಡೀಸೆಲ್ ಕಾಮನ್ ರೇಲ್‌ನಲ್ಲಿ ಸಾವಿರದ ಮೇಲೆ. ಈ ಗೇಜಿನ ಅಳತೆ 10 ಬಾರ್‌ಗೆ ಮುಗಿಯುತ್ತದೆ. ಅಲ್ಲಿ ಸಿಕ್ಕಿಸಲು ಹೋದರೆ ಗೇಜ್ ಮಾತ್ರ ಅಲ್ಲ, ಕೈಯೂ ಹೋಗುತ್ತದೆ. ಅಂಥ ಗಾಡಿಗೆ ಟ್ಯಾಂಕಿನಿಂದ ಬರುವ ಲೋ ಪ್ರೆಶರ್ ಲೈನ್ ನೋಡಲು ಮಾತ್ರ ಇದು ಸಾಕು. ರೇಲ್ ಪ್ರೆಶರನ್ನು ಸ್ಕ್ಯಾನರಿನಲ್ಲೇ ನೋಡಿ, ಇಸಿಯು ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು ಅಂತ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಗಿಡ್ಡ ಹೋಸಿಗೆ ಮತ್ತು ಆ ಕ್ಲಿಪ್ಪುಗಳಿಗೆ. ಫೋಟೊ ಹಾಕೋಣ ಅಂದರೆ ಡಬ್ಬಿ ಸದ್ಯಕ್ಕೆ ನನ್ನ ಹತ್ತಿರ ಇಲ್ಲ. ಗುತ್ತಲು ರಸ್ತೆಯವರು ಯಾವುದೋ ಗಾಡಿಗೆ ಅಂತ ತಗೊಂಡು ಹೋಗಿ ಮೂರು ವಾರ ಆಯಿತು. ಕೇಳಿದಾಗಲೆಲ್ಲ, "ನಾಳೀಕ್ ಕೊಡ್ತೀನಿ ಬುಡಿ ಸಾ, ಇನ್ನೊಂದ್ ಗಾಡಿ ಐತೆ" ಅನ್ನುತ್ತಾರೆ.